ವೃತ್ತ ವರ್ಣರೇಖನ: ಒಂದು ವಿಮರ್ಶೆ

ಭದ್ರಾ ಅಣೆಕಟ್ಟಿನಿಂದ ಹೆಸರಾದ ಲಕ್ಕವಳ್ಳಿಯ ಸುತ್ತಣ ಕಾಡಿನಲ್ಲಿ ಎಳೆಯ ತೇಗದೆಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಮೂಡುವುದನ್ನು ಬಲ್ಲ ಬಾಲಕನು, ಹಸಿರೆಲೆಯೊಳಗೆ ಅಡಗಿರುವ ವಸ್ತುಗಳೆಷ್ಟು, ಅವು ಯಾವುವು ಎಂದು ಕೇಳಿದನಾದರೆ, ಅವನಿಗೆ ಕಣ್ಣೆದುರೇ ಉತ್ತರವೀಯಬಲ್ಲ ವಿದ್ಯೆ ವರ್ಣರೇಖನ. ರಷ್ಯದ ಸಸ್ಯಶಾಸ್ತ್ರಜ್ಞ ತ್ಸ್ವೆಟ್ ಎಲೆಯ ವರ್ಣದ್ರವ್ಯಗಳನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ನಳಿಗೆಯಲ್ಲಿ ಪಟ್ಟೆಪಟ್ಟೆಯಾಗಿ ಬಿಡಿಸಿ, 1906ರಲ್ಲಿ ಈ ವಿಧಾನಕ್ಕೆ ಕ್ರೊಮಟೋಗ್ರಫಿ ಎಂದು ಹೆಸರಿಟ್ಟರು. 1944ರಲ್ಲಿ ರಸಾಯನಶಾಸ್ತ್ರಜ್ಞ ಮಾರ್ಟಿನ್ ಮತ್ತು ಸಂಗಡಿಗರು ನಳಿಗೆಯ ಸ್ಥಾನದಲ್ಲಿ ಶೋಧಕ ಕಾಗದವನ್ನು ತಂದರು. ಮಾರ್ಟಿನ್ ಮತ್ತು ಅವರ ಸಹೋದ್ಯೋಗಿ ಸಿಂಜ್ ಅವರಿಗೆ ನೊಬೆಲ್ ಪಾರಿತೋಷಕ ದೊರೆತ 1952ರಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಕೆ. ವಿ. ಗಿರಿ ಮತ್ತು ಎನ್. ಎ. ಎನ್. ರಾವ್ ಅವರು ದುಂಡುಕಾಗದದ ಮೇಲೆ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳನ್ನು ಬೇರ್ಪಡಿಸಿ ಗುರುತಿಸುವ ಕ್ರಮವೊಂದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಕ್ರಮದ ಪ್ರಥಮ ಗುಣ ಅದರ ಮಿತವ್ಯಯ. ಕಾಗದದ ಕೇಂದ್ರದ ಸುತ್ತ ಮಿಶ್ರಣದ ತೊಟ್ಟನ್ನೂ ಪರಿಚಿತ ಆಮ್ಲಗಳ ತೊಟ್ಟುಗಳನ್ನೂ ಇರಿಸಿ, ನಡುವಣ ಬತ್ತಿಯಿಂದ ದ್ರಾವಕವನ್ನು ಹಾಯಿಸಿದಾಗ, ಕಾಗದ ಹಿಡಿದಿಟ್ಟ ನೀರಿನಲ್ಲಿ ಹೆಚ್ಚು ಕರಗುವ ವಸ್ತು ಹಿಂದುಳಿದು, ಚಲಿಸುವ ದ್ರಾವಕದಲ್ಲಿ ಹೆಚ್ಚು ಕರಗುವುದು ಮುಂದೆ ಸಾಗಿ, ಒಂದೊಂದೂ ತೆಳುವಾದ ಕಮಾನಾಗಿ ನಿಲ್ಲುವುದು. ಬಣ್ಣ ಬರಿಸುವ ನಿನ್‌ಹೈಡ್ರಿನ್ ಎಂಬ ರಾಸಾಯನಿಕವನ್ನು ಸಿಂಪಡಿಸಿ ಕಾಯಿಸಿದರೆ ಬಹುಪಾಲು ಆಮ್ಲಗಳು ನೇರಳೆಯಾಗಿಯೂ ಪ್ರೋಲೀನ್ ಹಳದಿಯಾಗಿಯೂ ತೋರುವುವು. ಪರಿಚಿತವೂ ಅಪರಿಚಿತವೂ ಒಂದೇ ಕಾಗದದಲ್ಲಿ, ಒಂದೇ ಉಷ್ಣತೆಯಲ್ಲಿ ಚಲಿಸಿದುದರಿಂದ ಅವುಗಳ ಹೋಲಿಕೆ ನ್ಯಾಯವಾದುದು. ಈ ವಿಧಾನದ ನಿಜವಾದ ಶ್ರೇಷ್ಠತೆ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಆದರೆ ಬೇರ್ಪಡಿಸಿದ ಮಾತ್ರಕ್ಕೆ ಗುರುತಿಸಿದಂತಾಗದು. ಲ್ಯೂಸೀನ್, ಐಸೊಲ್ಯೂಸೀನ್‌ಗಳಂತಹ ಸಮೀಪಬಂಧುಗಳು ಸಾಮಾನ್ಯ ದ್ರಾವಕದಲ್ಲಿ ಒಂದರ ಮೇಲೊಂದು ಬಿದ್ದು ಒಂದೇ ವಸ್ತುವೆಂಬ ಭ್ರಾಂತಿ ಹುಟ್ಟಿಸುವುವು. ಬರಿಗೈಯಿಂದ ಮುಟ್ಟಿದ ಕಾಗದದಲ್ಲಿ ಬೆವರಿನ ಅಮೈನೋ ಆಮ್ಲಗಳೂ ನೇರಳೆಯ ಗುರುತು ಬಿಡುವುವು. ಒಂದು ದ್ರಾವಕದಲ್ಲಿ ಎರಡು ರೇಖೆಗಳು ಸರಿಹೊಂದಿದುದು ಊಹೆಗೆ ಆಧಾರವೇ ಹೊರತು ನಿರ್ಣಯವಲ್ಲ. ಬೇರೊಂದು ದ್ರಾವಕದಲ್ಲಿಯೂ ಅವು ಹೊಂದಿದರೆ ಮಾತ್ರ ವಿಶ್ವಾಸ ಬಲಿಯುವುದು.

ಲಕ್ಕವಳ್ಳಿಯಂತಹ ಊರಿನ ಶಾಲೆಗೂ ಈ ವಿದ್ಯೆ ಎಟುಕುವಂತಹುದು. ಎಲೆಯ ರಸವನ್ನು ಕಾಗದದ ಮೇಲೆ ಹಾಯಿಸಿದಾಗ ಕ್ಯಾರೊಟೀನಿನ ಹಳದಿ ಮುಂದೆ ಓಡಿ, ಪತ್ರಹರಿತ್ತಿನ ಎರಡು ಬಗೆಗಳು ಹಿಂದುಳಿಯುವುದನ್ನು ತೋರಿಸುವುದು ಸುಲಭ. ಅಷ್ಟಕ್ಕೇ ನಿಲ್ಲಿಸಿ ಪಟ್ಟೆಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದರೆ ಪ್ರಯೋಗವು ನೋಟದ ವಿನೋದವಾಗಿ ಮುಗಿಯುವುದು. ಈ ಪಟ್ಟೆ ಇಂಥದೇ ಎನ್ನಲು ಪ್ರಮಾಣವೇನೆಂದು ವಿದ್ಯಾರ್ಥಿಯೇ ಕೇಳುವಂತೆ ಮಾಡುವ ಉಪಾಧ್ಯಾಯರ ಕೈಯಲ್ಲಿ, ಗಿರಿಯವರ ಕ್ರಮವು ಪ್ರಯೋಗಶಾಲೆಯ ಉಪಕರಣವೆಂಬುದನ್ನೂ ಮೀರಿ ಸತ್ಯನಿಷ್ಠೆಯ ಶಿಕ್ಷಣವಾಗುವುದು.