ಎಸೆಯದ ಚೆಂಡಿನ ದಾಖಲೆ

ಸ್ಕೋರು ಪುಸ್ತಕ ಓದುವ ಚಟ ಹತ್ತಿದವರಿಗೆ ಶತಕಗಳಿಗಿಂತ ಸೊನ್ನೆಗಳ ಮೇಲೇ ಕಣ್ಣು. ಅಮೆರಿಕದ ಬೇಸ್‌ಬಾಲ್ ದಾಖಲೆಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವ ಸಾಲು ಲ್ಯಾರಿ ಯೌಂಟ್ ಎಂಬ ಪಿಚರ್‌ನದು, ಅಂದರೆ ಚೆಂಡೆಸೆಯುವವನದು. ಪಂದ್ಯ 1, ಇನಿಂಗ್ಸ್ 0, ಎದುರಿಸಿದ ಬ್ಯಾಟರ್ 0. ಸರಾಸರಿಯ ಅಂಕಣ ಖಾಲಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದು ಯಾವ ಲೆಕ್ಕಿಗನಿಗೂ ಬಾರದ ವಿದ್ಯೆ.

1971ರ ಸೆಪ್ಟೆಂಬರ್ 15, ಹ್ಯೂಸ್ಟನ್‌ನ ಆಸ್ಟ್ರೋಡೋಮ್. ಅಟ್ಲಾಂಟಾ ಬ್ರೇವ್ಸ್ ಎದುರು ಆತಿಥೇಯ ಆಸ್ಟ್ರೋಸ್ ಹಿಂದೆ ಬಿದ್ದಿದೆ, ಒಂಬತ್ತನೇ ಇನಿಂಗ್ಸ್. ಸೋಲುವ ಪಂದ್ಯದ ಕೊನೆಗೆ ಹೊಸಬನೊಬ್ಬನ ಕೈ ನೋಡೋಣ ಅನ್ನಿಸುವ ಹೊತ್ತು. 21ರ ಲ್ಯಾರಿ ಸೇನೆಯ ಮೀಸಲು ಪಡೆಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ. ಕೆಲವು ದಿನ ಚೆಂಡು ಹಿಡಿದಿರಲಿಲ್ಲ. ಬುಲ್‌ಪೆನ್‌ನಲ್ಲಿ ಕೈ ಪಳಗಿಸಿಕೊಳ್ಳುವಾಗಲೇ ಮೊಣಕೈ ನೋಯತೊಡಗಿತು. ಮೈದಾನಕ್ಕಿಳಿದರೆ ಸರಿಹೋದೀತು ಎಂದುಕೊಂಡ. ಯಾರು ತಾನೇ ಅಂದುಕೊಳ್ಳುವುದಿಲ್ಲ? ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ಪಿಚರ್ ನಿಲ್ಲುವ ದಿಬ್ಬವಾದ ಮೌಂಡ್ ಏರಿ ಅಭ್ಯಾಸಕ್ಕೆಂದು ಕೆಲವು ಚೆಂಡು ಎಸೆದ. ನೋವು ಹೆಚ್ಚಿತು. ಬ್ಯಾಟರ್ ಬರುವ ಮೊದಲೇ ಇಳಿದುಬಿಟ್ಟ.

ನಿಯಮದ ತಮಾಷೆ ಇರುವುದೇ ಇಲ್ಲಿ. ಹೆಸರು ಕೂಗಿದ ಮೇಲೆ ಪಿಚರ್ ಆಡಿದಂತೆಯೇ ಲೆಕ್ಕ. ಆಗಿನ ನಿಯಮದಂತೆ ಕನಿಷ್ಠ ಒಬ್ಬ ಬ್ಯಾಟರ್‌ನನ್ನಾದರೂ ಎದುರಿಸಲೇಬೇಕಿತ್ತು. ಗಾಯವಾದರೆ ಮಾತ್ರ ವಿನಾಯಿತಿ. ಹಾಗಾಗಿ ಒಂದೂ ಅಧಿಕೃತ ಚೆಂಡೆಸೆಯದೆ ಲ್ಯಾರಿ ದಾಖಲೆ ಸೇರಿದ. ಮೇಜರ್ ಲೀಗ್‌ಗೆ ಅವನು ಮತ್ತೆಂದೂ ಮರಳಲಿಲ್ಲ.

ಕ್ರಿಕೆಟ್ಟಿನಲ್ಲಿ ಇವನ ದಾಯಾದಿ ಯಾರೆಂದರೆ ಇಂಗ್ಲೆಂಡಿನ ಜ್ಯಾಕ್ ಮ್ಯಾಕ್‌ಬ್ರಯನ್. 1924ರ ಮ್ಯಾಂಚೆಸ್ಟರ್ ಟೆಸ್ಟ್ ಮಳೆಯಲ್ಲಿ ಕೊಚ್ಚಿಹೋಗಿ ಅವನಿಗೆ ಬ್ಯಾಟೂ ಇಲ್ಲ, ಚೆಂಡೂ ಇಲ್ಲ, ಕ್ಯಾಚೂ ಇಲ್ಲ. ಮತ್ತೊಂದು ಟೆಸ್ಟ್ ಸಿಗಲೂ ಇಲ್ಲ. ಆದರೆ ಅವನು ಒಂದಷ್ಟು ಹೊತ್ತು ಫೀಲ್ಡಿಂಗ್‌ಗಾದರೂ ನಿಂತಿದ್ದ. ನನ್ನ ತಕ್ಕಡಿ ಲ್ಯಾರಿಯ ಕಡೆಗೇ ವಾಲುತ್ತದೆ.

ಯೌಂಟ್ ಎಂದೊಡನೆ ಬೇಸ್‌ಬಾಲ್ ಬಲ್ಲವರಿಗೆ ನೆನಪಾಗುವುದು ತಮ್ಮ ರಾಬಿನ್: ಮಿಲ್ವಾಕಿ ಬ್ರೂವರ್ಸ್ ಪರ 20 ಋತು, 2,856 ಪಂದ್ಯ, 3,142 ಹಿಟ್, 1999ರಲ್ಲಿ ಹಾಲ್ ಆಫ್ ಫೇಮ್. 1974ರ ವಸಂತದಲ್ಲಿ ಆಸ್ಟ್ರೋಸ್ ಲ್ಯಾರಿಯನ್ನು ವಿನಿಮಯ ಮಾಡಿಕೊಂಡದ್ದೂ ಇದೇ ಬ್ರೂವರ್ಸ್ ಜೊತೆ. ಋತುವಿನ ಮೊದಲ ಪಂದ್ಯಕ್ಕೆ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತವನು ಹದಿನೆಂಟರ ತಮ್ಮ. ಅಣ್ಣನಿಗೆ ಆ ತಂಡದಲ್ಲಿ ಒಂದೂ ಪಂದ್ಯ ಸಿಗಲಿಲ್ಲ.