ಬೀಗದ ಕೈ ಯಾರ ಹತ್ತಿರ?

ಯುವಕೇಂದ್ರಗಳ ಬಗ್ಗೆ ಬರೋ ಕಥೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದಂಥವು. ದಾರಿ ತಪ್ಪಿದ ಹುಡುಗ, ಕೈ ಹಿಡಿದ ಕೋಚ್, ಒಂದು ಜೊತೆ ಬಾಕ್ಸಿಂಗ್ ಗ್ಲೌಸ್, ಕೊನೆಗೆ ಒಂದು ಕೆಲಸವೋ ಪದಕವೋ. ಎರಡು ನಿಮಿಷದ ವಿಡಿಯೊ, ಹಿಂದೆ ಪಿಯಾನೊ. ಕಣ್ಣು ಒದ್ದೆ ಮಾಡಿಕೊಳ್ತೀವಿ, ಶೇರ್ ಮಾಡ್ತೀವಿ, ಮುಂದಕ್ಕೆ ಹೋಗ್ತೀವಿ. ಈ ವಿಡಿಯೊಗಳು ಯಾವತ್ತೂ ಕೇಳದ ಪ್ರಶ್ನೆ ಒಂದಿದೆ: ಆ ಕಟ್ಟಡದ ಬೀಗದ ಕೈ ಯಾರ ಹತ್ತಿರ ಇದೆ? ನಾಳೆಯಿಂದ ಮುಚ್ಚೋಣ ಅಂತ ತೀರ್ಮಾನ ಮಾಡೋರು ಯಾರು?

ಈ ಪ್ರಶ್ನೆ ಕೇಳೋಕೆ ಸಿಡ್ನಿಯ ರೆಡ್‌ಫರ್ನ್‌ಗಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ. ಆನ್‌ಸೈಟ್ ಅಂತ ಹೋಗೋ ನನ್ನಂಥ ಐಟಿ ಜನಕ್ಕೆ ರೆಡ್‌ಫರ್ನ್ ಅಂದ್ರೆ ಒಂದು ರೈಲ್ವೆ ಸ್ಟೇಷನ್, ಅಷ್ಟೇ. ಇಳಿದು ನಡೆದರೆ ಸೌತ್ ಈವ್ಲಿಯ ಗಾಜಿನ ಆಫೀಸುಗಳು, ಒಳ್ಳೆ ಕಾಫಿ. ಆ ಆಫೀಸುಗಳು ನಿಂತಿರೋದು ಹಳೇ ಈವ್ಲಿ ರೈಲ್ವೆ ವರ್ಕ್‌ಶಾಪಿನ ಜಾಗದಲ್ಲಿ. ಒಂದು ಕಾಲಕ್ಕೆ ಸಿಡ್ನಿಯ ಅಬೊರಿಜಿನಲ್ ಜನರಿಗೆ ಅತಿ ಹೆಚ್ಚು ಕೆಲಸ ಕೊಟ್ಟ ಜಾಗಗಳಲ್ಲಿ ಅದೂ ಒಂದು. ಸ್ಟೇಷನ್ನಿನ ಇನ್ನೊಂದು ಮಗ್ಗುಲಿಗೆ 'ದ ಬ್ಲಾಕ್' ಅಂತ ಕರೆಯೋ ಅವರ ಕೇರಿ. ನಾವು ದಿನಾ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ದಾಟಿ ಹೋಗೋದು ಇವೆರಡರ ನಡುವೆ.

ಅಬೊರಿಜಿನಲ್ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಕೆಂಪು ಮಣ್ಣಿನ ಮರಳುಗಾಡು. ಅದು ಟೂರಿಸ್ಟ್ ಬ್ರೋಷರ್ ಕಲಿಸಿದ ಪಾಠ. ನಿಜವಾಗಿ ನೋಡಿದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ದೊಡ್ಡ ನಗರಗಳಲ್ಲೇ ಇದ್ದಾರೆ. 2021ರ ಜನಗಣತಿ ಪ್ರಕಾರ ಅವರ ನಡುವಯಸ್ಸು 24. ಅಂದರೆ ಹೆಚ್ಚುಕಮ್ಮಿ ಅರ್ಧ ಜನ 24ಕ್ಕಿಂತ ಚಿಕ್ಕವರು. ಇಡೀ ದೇಶದ ನಡುವಯಸ್ಸು 38. ಹಾಗಾಗಿ ನಗರದ ಅಬೊರಿಜಿನಲ್ ಹುಡುಗರ ಪ್ರಶ್ನೆ ಅಂದರೆ ಆ ಸಮುದಾಯದ ಯಾವುದೋ ಮೂಲೆಯ ಪ್ರಶ್ನೆ ಅಲ್ಲ.

ರೆಡ್‌ಫರ್ನ್ ಗ್ಯಾಡಿಗಲ್ ಜನರ ನೆಲ. ಕಳೆದ ಶತಮಾನದಲ್ಲಿ ದೂರದ ಮಿಷನ್ನು, ರಿಸರ್ವ್‌ಗಳಿಂದ ಕೆಲಸ ಹುಡುಕಿಕೊಂಡು ಇಲ್ಲಿಗೆ ಸಾವಿರಾರು ಕುಟುಂಬಗಳು ಬಂದವು. 1964ರಲ್ಲಿ ಸಿಡ್ನಿಯಲ್ಲಿ ಫೌಂಡೇಶನ್ ಫಾರ್ ಅಬೊರಿಜಿನಲ್ ಅಫೇರ್ಸ್ ಶುರುವಾಯ್ತು. ಚಾರ್ಲ್ಸ್ ಪರ್ಕಿನ್ಸ್ ಅದರ ಮ್ಯಾನೇಜರ್ ಆಗಿದ್ದರು. ಊರು ಬಿಟ್ಟು ಬಂದ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ, ಮನೆ ಹುಡುಕಿಕೊಡೋ ಸಹಾಯ ಸಿಗ್ತಿತ್ತು, ಡಾನ್ಸೂ ನಡೀತಿತ್ತು. ಹಳ್ಳಿಯಿಂದ ಬೆಂಗಳೂರಿಗೆ ಬಂದ ಮೊದಲ ತಿಂಗಳುಗಳಲ್ಲಿ ನಮ್ಮ ಕಡೆಯವರು ಸೇರೋ ಒಂದು ಮೆಸ್ಸು ಎಷ್ಟು ದೊಡ್ಡ ಆಸರೆ ಅನ್ನೋದು ನನಗೆ ಗೊತ್ತು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ನಾನು ಬೀದಿಯಲ್ಲಿ ನಿಂತಿದ್ದೇ ತಪ್ಪು ಅಂತ ಯಾವ ಪೊಲೀಸೂ ನನ್ನನ್ನು ವ್ಯಾನಿಗೆ ಹತ್ತಿಸಲಿಲ್ಲ. ಅವರನ್ನು ಹತ್ತಿಸಿದರು. 1970ರಲ್ಲಿ ರೆಡ್‌ಫರ್ನ್‌ನಲ್ಲಿ ಅಬೊರಿಜಿನಲ್ ಲೀಗಲ್ ಸರ್ವಿಸ್ ಹುಟ್ಟಿದ್ದೇ ಆ ಕಾಟಕ್ಕೆ ಉತ್ತರವಾಗಿ. ಮರುವರ್ಷ ಮೆಡಿಕಲ್ ಸರ್ವಿಸ್, 1973ರಲ್ಲಿ ಹೌಸಿಂಗ್ ಕಂಪನಿ. ಗಮನಿಸಿ, ಯಾರೋ ಹೊರಗಿನವರು ಬಂದು ಇವರನ್ನು ಉದ್ಧಾರ ಮಾಡಲಿಲ್ಲ. ಬೇಕಾದ್ದನ್ನು ಇವರೇ ಮುಂದೆ ನಿಂತು ಕಟ್ಟಿಕೊಂಡರು.

ಈಗ ವಿಡಿಯೊಗಳಿಗೆ ತುಂಬಾ ಇಷ್ಟವಾಗೋ ಕಥೆಗೆ ಬರೋಣ. 2004ರ ಫೆಬ್ರವರಿಯಲ್ಲಿ ಟಿಜೆ ಹಿಕಿ ಅನ್ನೋ 17 ವರ್ಷದ ಅಬೊರಿಜಿನಲ್ ಹುಡುಗ ಸೈಕಲ್ಲಿನಿಂದ ಬೇಲಿಯ ಸಲಾಕೆಯ ಮೇಲೆ ಬಿದ್ದು ತೀರಿಕೊಂಡ. ಪೊಲೀಸರು ಅಟ್ಟಿಸಿಕೊಂಡು ಹೋದರು ಅಂತ ಮನೆಯವರು, ಇಲ್ಲ ಅಂತ ಪೊಲೀಸರು. ಕರೋನರ್ ಪೊಲೀಸರನ್ನು ಹೊಣೆ ಮಾಡಲಿಲ್ಲ, ಮನೆಯವರು ಅದನ್ನು ಒಪ್ಪಲಿಲ್ಲ. ರೆಡ್‌ಫರ್ನ್ ಒಂದು ರಾತ್ರಿಯಿಡೀ ಹೊತ್ತಿ ಉರಿಯಿತು. ಐದು ವರ್ಷದ ಮೇಲೆ, 2009ರಲ್ಲಿ, ಟ್ರೈಬಲ್ ವಾರಿಯರ್ ಸಂಸ್ಥೆಯ ಶೇನ್ ಫಿಲಿಪ್ಸ್ ಮತ್ತು ಆಗಿನ ಪೊಲೀಸ್ ಕಮಾಂಡರ್ ಲೂಕ್ ಫ್ರಾಯ್ಡನ್‌ಸ್ಟೈನ್ ಸೇರಿ 'ಕ್ಲೀನ್ ಸ್ಲೇಟ್ ವಿದೌಟ್ ಪ್ರೆಜುಡಿಸ್' ಅನ್ನೋ ಕಾರ್ಯಕ್ರಮ ಶುರು ಮಾಡಿದರು. ಬಾಕ್ಸರ್ ಟೋನಿ ಮಂಡೀನ್ ಅವರ ಜಿಮ್ಮಿನಲ್ಲಿ ವಾರಕ್ಕೆ ಮೂರು ದಿನ ಬೆಳಗ್ಗೆ ಆರು ಗಂಟೆಗೆ ಹುಡುಗರೂ ಪೊಲೀಸರೂ ಒಟ್ಟಿಗೆ ತಾಲೀಮು. ಆ ಭಾಗದಲ್ಲಿ ದರೋಡೆ ಕೇಸು ಇಳಿದವು ಅಂತ ಪೊಲೀಸರೇ ಹೇಳಿದರು. 2013ರಲ್ಲಿ ಫಿಲಿಪ್ಸ್‌ಗೆ ಆಸ್ಟ್ರೇಲಿಯಾದ 'ಲೋಕಲ್ ಹೀರೊ' ಗೌರವ ಬಂತು.

ಒಳ್ಳೇ ಕೆಲಸ. ನನ್ನ ತಕರಾರು ಕೆಲಸದ ಮೇಲಲ್ಲ, ಅದನ್ನು ಓದೋ ರೀತಿಯ ಮೇಲೆ. ನೋಡಿದವರೆಲ್ಲ ಹೊತ್ತುಕೊಂಡು ಹೋದದ್ದು 'ಬಾಕ್ಸಿಂಗ್ ಹುಡುಗರನ್ನು ಉಳಿಸುತ್ತೆ' ಅನ್ನೋ ಪಾಠ. ಬಾಕ್ಸಿಂಗ್ ಒಂದು ನೆಪ, ಸ್ವಾಮಿ. ನಮ್ಮೂರಿನ ಗರಡಿ ಮನೆಯಲ್ಲಿ ಸಾಮು ತೆಗೆದವರೆಲ್ಲ ದಸರಾ ಕುಸ್ತಿ ಗೆದ್ದವರಲ್ಲ. ಆದರೆ ಒಬ್ಬ ಹುಡುಗ ಎರಡು ದಿನ ಬರಲಿಲ್ಲ ಅಂದರೆ ಉಸ್ತಾದ್ ಮನೆ ಬಾಗಿಲಿಗೆ ಬರ್ತಿದ್ದರು. ಕೆಲಸ ಮಾಡಿದ್ದು ಅದು. ರೆಡ್‌ಫರ್ನ್‌ನಲ್ಲೂ ಹಾಗೇ: ಅದೇ ಹೊತ್ತು, ಅದೇ ಮುಖ, ಬರದೇ ಇದ್ದರೆ ಹುಡುಕಿಕೊಂಡು ಹೋಗೋ ಒಬ್ಬ ದೊಡ್ಡವರು. ಅವರು ಹುಡುಗನ ಅಜ್ಜಿಯನ್ನೂ ಬಲ್ಲವರು, ಯಾವ ಊರಿನ ಯಾವ ಮನೆತನ ಅಂತ ಹೇಳಬಲ್ಲವರು. ಇದನ್ನು ಪ್ಯಾಕೇಜ್ ಮಾಡಿ ಇನ್ನೊಂದು ಊರಿನಲ್ಲಿ ಇನ್‌ಸ್ಟಾಲ್ ಮಾಡೋಕೆ ಬರಲ್ಲ. ಗ್ಲೌಸ್ ಕೊಂಡುಕೊಳ್ಳಬಹುದು, ಅಜ್ಜಿಯ ಪರಿಚಯ ಕೊಂಡುಕೊಳ್ಳೋಕಾಗಲ್ಲ.

ಇನ್ನೊಂದು ವಿಷಯವನ್ನೂ ವಿಡಿಯೊ ಹೇಳಲ್ಲ. ಬೆಳಗ್ಗೆ ಪೊಲೀಸರು ಹುಡುಗರ ಜೊತೆ ಬೆವರು ಸುರಿಸುತ್ತಿದ್ದ ಅದೇ ವರ್ಷಗಳಲ್ಲಿ ರಾಜ್ಯದ ಪೊಲೀಸ್ ಇಲಾಖೆ ಒಂದು ಪಟ್ಟಿ ಇಟ್ಟುಕೊಂಡಿತ್ತು. ಮುಂದೆ ಅಪರಾಧ ಮಾಡಬಹುದು ಅಂತ ಅನುಮಾನ ಇದ್ದವರನ್ನು ಪದೇ ಪದೇ ತಡೆದು ಕೇಳೋ, ಮನೆಗೆ ಹೋಗಿ ನೋಡೋ ಯೋಜನೆ ಅದು. ಅದರಲ್ಲಿ ಮಕ್ಕಳೂ ಇದ್ದರು. ಪೊಲೀಸರ ಮೇಲೆ ಕಣ್ಣಿಡೋ ಆಯೋಗ ಪರಿಶೀಲಿಸಿದಾಗ, ಆ ಮಕ್ಕಳಲ್ಲಿ ಅಬೊರಿಜಿನಲ್ ಮಕ್ಕಳೇ ಜಾಸ್ತಿ ಅನ್ನೋದು ಬಯಲಾಯ್ತು. ಮಕ್ಕಳ ಮೇಲೆ ಅದು ನಿಂತಿದ್ದು 2023ರಲ್ಲಿ. ಒಂದು ಕೈ ಗ್ಲೌಸ್ ಕಟ್ಟುತ್ತೆ, ಇನ್ನೊಂದು ಕೈ ಹೆಸರು ಬರೆದುಕೊಳ್ಳುತ್ತೆ. ಇವೆರಡರ ನಡುವೆ ಸಿಕ್ಕಿದ ಹುಡುಗನಿಗೆ 'ನಂಬು' ಅಂತ ಹೇಳಬೇಕಾದ್ದು ಕೇಂದ್ರ ನಡೆಸೋ ಜನ.

ಈಗ ಬೀಗದ ಕೈ ವಿಷಯ. ರೆಡ್‌ಫರ್ನ್‌ನಲ್ಲಿ ಮುಚ್ಚಿಹೋಗಿದ್ದ ಒಂದು ಸರ್ಕಾರಿ ಶಾಲೆಯ ಜಾಗವನ್ನು ಕೇಂದ್ರ ಸರ್ಕಾರದ ಇಂಡಿಜಿನಸ್ ಲ್ಯಾಂಡ್ ಕಾರ್ಪೊರೇಶನ್ 2006ರಲ್ಲಿ ಕೊಂಡುಕೊಂಡು ದೊಡ್ಡ ಕೇಂದ್ರ ಕಟ್ಟಿತು. ಹೆಸರು ನ್ಯಾಷನಲ್ ಸೆಂಟರ್ ಆಫ್ ಇಂಡಿಜಿನಸ್ ಎಕ್ಸಲೆನ್ಸ್. 2010ರಲ್ಲಿ ಬಾಗಿಲು ತೆರೆಯಿತು. ಜಿಮ್, ಈಜುಕೊಳ, ಆಟದ ಮೈದಾನ, ಸ್ಕೂಲು ಬಿಟ್ಟ ಮೇಲೆ ಮಕ್ಕಳು ಬಂದು ಕೂರೋ ಜಾಗ. ಈಜುಕೊಳ ಅಂತ ಒತ್ತಿ ಹೇಳೋಕೆ ಕಾರಣ ಇದೆ. 1965ರಲ್ಲಿ ಚಾರ್ಲ್ಸ್ ಪರ್ಕಿನ್ಸ್ ಮತ್ತು ಅವರ ಜೊತೆ ವಿದ್ಯಾರ್ಥಿಗಳು ಬಸ್ಸು ಹತ್ತಿ ಮೊರೀ ಅನ್ನೋ ಊರಿಗೆ ಹೋಗಿದ್ದು ಅಲ್ಲಿನ ಮುನಿಸಿಪಲ್ ಈಜುಕೊಳಕ್ಕೆ ಅಬೊರಿಜಿನಲ್ ಮಕ್ಕಳನ್ನು ಬಿಡಲ್ಲ ಅನ್ನೋದರ ವಿರುದ್ಧ. ಅಂಥ ಇತಿಹಾಸ ಇರೋ ಜನಕ್ಕೆ ತಮ್ಮದೇ ಒಂದು ಈಜುಕೊಳ ಅಂದರೆ ಬರೀ ಟೈಲ್ಸು, ನೀರು ಅಲ್ಲ.

2022ರ ನಡುವಿನಲ್ಲಿ ಆ ಜಾಗ ನ್ಯೂ ಸೌತ್ ವೇಲ್ಸ್ ಅಬೊರಿಜಿನಲ್ ಲ್ಯಾಂಡ್ ಕೌನ್ಸಿಲ್ಲಿಗೆ ಹಸ್ತಾಂತರ ಆಯ್ತು. ನೆಲ ನೆಲದವರ ಕೈಗೆ ಬಂತು, ಸಂಭ್ರಮ ಪಡಬೇಕಾದ ಸುದ್ದಿ. ಆದರೆ ಕೇಂದ್ರ ಸ್ವಂತ ಗಳಿಕೆಯಿಂದ ನಡೆಯೋಂಥದ್ದಲ್ಲ. ಜಾಗ ಕೈ ಬದಲಾದ ಮೇಲೆ ನಡೆಸೋ ದುಡ್ಡು ಯಾರು ಕೊಡಬೇಕು ಅನ್ನೋದರಲ್ಲಿ ಎರಡೂ ಕಡೆ ಒಮ್ಮತ ಆಗಲಿಲ್ಲ. ಆಗಸ್ಟ್ ಮೊದಲ ದಿನ ಸುದ್ದಿ ಬಂತು: ಜಿಮ್, ಈಜುಕೊಳ ಎಲ್ಲ ಕೆಲವೇ ದಿನಗಳಲ್ಲಿ ಬಂದ್. ಜನ ಬೀದಿಗಿಳಿದರು, ಮಕ್ಕಳೂ ಇಳಿದರು. ಸಾವಿರಾರು ಜನ ಸಹಿ ಹಾಕಿದರು. ಆಮೇಲೆ ಮಾತುಕತೆ ನಡೆದು ಮುಚ್ಚೋ ತೀರ್ಮಾನ ಹಿಂದೆ ಸರಿಯಿತು.

ಸುಖಾಂತ್ಯ ಅಂತ ಹಲವರು ಬರೆದರು. ನನಗೆ ಹಾಗನ್ನಿಸಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸರ್ವರ್ ಕೊಟ್ಟು ಕರೆಂಟ್ ಬಿಲ್ ಕಟ್ಟದೇ ಇರೋದು ಇದು. ಕಟ್ಟೋಕೆ ದುಡ್ಡು ಯಾವತ್ತೂ ಸಿಗುತ್ತೆ, ಯಾಕಂದರೆ ಕಟ್ಟಡಕ್ಕೆ ರಿಬ್ಬನ್ ಇರುತ್ತೆ, ಕತ್ತರಿಸೋಕೆ ಮಂತ್ರಿ ಇರ್ತಾರೆ. ಮಂಗಳವಾರ ಸಂಜೆ ಏಳು ಗಂಟೆಗೆ ದೀಪ ಹಾಕಿ, ಮಕ್ಕಳಿಗೆ ಟೋಸ್ಟ್ ಮಾಡಿಕೊಟ್ಟು, ಕೊನೆಯ ಹುಡುಗಿಯನ್ನು ಮನೆ ಮುಟ್ಟಿಸೋ ಕೆಲಸಗಾರ್ತಿಯ ಸಂಬಳಕ್ಕೆ ರಿಬ್ಬನ್ ಇಲ್ಲ. ಬಾಗಿಲು ಮತ್ತೆ ತೆರೆದಿರಬಹುದು. ಆದರೆ ಇದು ಯಾವಾಗ ಬೇಕಾದರೂ ಮುಚ್ಚಬಹುದು ಅನ್ನೋ ಪಾಠವನ್ನು ಆ ಮಕ್ಕಳು ಆ ವಾರ ಕಲಿತರು. ಯುವಕೇಂದ್ರ ಕಲಿಸಬೇಕಾದ ಪಾಠಕ್ಕೆ ಅದು ತದ್ವಿರುದ್ಧ.

ಇದು ಒಂದು ಕೇಂದ್ರದ ಹಣೆಬರಹ ಅಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡೋ ಪ್ರೊಡಕ್ಟಿವಿಟಿ ಕಮಿಷನ್ 2017ರಲ್ಲೇ, ಕುಟುಂಬ ಮತ್ತು ಸಮುದಾಯ ಸೇವೆಗಳಿಗೆ ಚಿಕ್ಕ ಚಿಕ್ಕ ಗುತ್ತಿಗೆ ಬೇಡ, ಏಳು ವರ್ಷದ ಗುತ್ತಿಗೆ ಕೊಡಿ ಅಂದಿತ್ತು. 2020ರ 'ಕ್ಲೋಸಿಂಗ್ ದ ಗ್ಯಾಪ್' ಒಪ್ಪಂದದಲ್ಲಿ ಎಲ್ಲ ಸರ್ಕಾರಗಳೂ ಸಮುದಾಯದವರೇ ನಡೆಸೋ ಸಂಸ್ಥೆಗಳನ್ನು ಗಟ್ಟಿ ಮಾಡ್ತೀವಿ ಅಂತ ಸಹಿ ಹಾಕಿದವು. ಬಂಧನದಲ್ಲಿರೋ ಮೂಲನಿವಾಸಿ ಮಕ್ಕಳ ಪ್ರಮಾಣವನ್ನು 2031ರ ಹೊತ್ತಿಗೆ ಶೇಕಡಾ 30ರಷ್ಟಾದರೂ ಇಳಿಸ್ತೀವಿ ಅಂತಲೂ ಬರೆದುಕೊಟ್ಟವು. 2024ರಲ್ಲಿ ಅದೇ ಕಮಿಷನ್ ಲೆಕ್ಕ ನೋಡಿದಾಗ, ಸರ್ಕಾರಗಳು ಕೆಲಸ ಮಾಡೋ ರೀತಿಯನ್ನೇ ಹೆಚ್ಚು ಬದಲಾಯಿಸಿಲ್ಲ ಅನ್ನೋದು ಕಂಡಿತು. ಹತ್ತರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಮೂಲನಿವಾಸಿಗಳು ಶೇಕಡಾ ಆರರಷ್ಟು. ಬಂಧನದಲ್ಲಿರೋ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಒಂದು ಮಗುವನ್ನು ಒಂದು ದಿನ ಬಂಧನದಲ್ಲಿಡೋಕೆ 2,000 ಡಾಲರಿಗೂ ಹೆಚ್ಚು ಖರ್ಚು. ಆ ದುಡ್ಡಿಗೆ ಯಾರೂ ಪ್ರತಿವರ್ಷ ಅರ್ಜಿ ಬರೆಯಬೇಕಾಗಿಲ್ಲ.

ಹಾಗಂತ ಲೆಕ್ಕವೇ ಕೇಳಬೇಡಿ ಅನ್ನೋರ ಜೊತೆ ನಾನಿಲ್ಲ. ಜನರ ದುಡ್ಡು, ಲೆಕ್ಕ ಕೊಡಬೇಕು. ಆದರೆ ಯಾವ ಲೆಕ್ಕ? ಈ ತಿಂಗಳು ಎಷ್ಟು ಹುಡುಗರು ಬಂದರು ಅನ್ನೋ ಎಣಿಕೆ ಮಾತ್ರ ಸಾಲದು. ಬಾಡಿಗೆ ಏರಿ ರೆಡ್‌ಫರ್ನ್ ಬಿಟ್ಟ ಎಷ್ಟೋ ಕುಟುಂಬಗಳು ಈಗ ಪಶ್ಚಿಮ ಸಿಡ್ನಿಯಲ್ಲಿವೆ. 'ದ ಬ್ಲಾಕ್' ಜಾಗದಲ್ಲಿ ಈಗ ಅಬೊರಿಜಿನಲ್ ಕುಟುಂಬಗಳಿಗೆ 62 ಮನೆಗಳಿವೆ, ಪಕ್ಕದಲ್ಲೇ 24 ಅಂತಸ್ತಿನ ವಿದ್ಯಾರ್ಥಿ ವಸತಿ ಗೋಪುರ. ಮನೆ ದೂರ ಹೋದರೂ ನಂಟು ಇಲ್ಲೇ ಇದೆ ಅಂತ ರೈಲು ಹತ್ತಿ ಬರೋ ಹುಡುಗ, ಪಿನ್‌ಕೋಡ್ ನೋಡಿ ಎಣಿಸೋ ಪಟ್ಟಿಯಲ್ಲಿ ಬಿಟ್ಟುಹೋಗ್ತಾನೆ.

ನಾನಾದರೆ ಬೇರೆ ಕಾಲಂ ಹಾಕ್ತೀನಿ. ಅದೇ ಕೆಲಸಗಾರರು ಎಷ್ಟು ವರ್ಷದಿಂದ ಇದ್ದಾರೆ? ರಜೆಯಲ್ಲಿ, ಭಾನುವಾರ, ಕತ್ತಲಾದ ಮೇಲೆ ಬಾಗಿಲು ತೆರೆದಿರುತ್ತಾ? ಆಡಳಿತ ಮಂಡಳಿಯಲ್ಲಿ ಆ ಸಮುದಾಯದವರು ಎಷ್ಟು ಜನ, ಅವರ ಸಹಿ ಇಲ್ಲದೆ ಮುಚ್ಚೋಕೆ ಆಗುತ್ತಾ? ಅಲ್ಲಿ ಆಡಿ ಬೆಳೆದವರಲ್ಲಿ ಎಷ್ಟು ಜನ ಇವತ್ತು ಅಲ್ಲೇ ಸಂಬಳ ತಗೊಳ್ತಿದ್ದಾರೆ? ಮುಂದಿನ ಏಳು ವರ್ಷದ ದುಡ್ಡು ಬ್ಯಾಂಕಿನಲ್ಲಿದೆಯಾ? ಇವೆಲ್ಲವನ್ನೂ ಎಣಿಸಬಹುದು. ಎಣಿಸಿದರೆ ಪರೀಕ್ಷೆ ಬರೆಯಬೇಕಾದವರು ಹುಡುಗರಲ್ಲ, ದುಡ್ಡು ಕೊಡೋರು. ಇವನ್ನು ಎಣಿಸದೇ ಇರೋಕೆ ಅದೇ ಕಾರಣ ಇರಬೇಕು.

ನಾವು ಡ್ಯಾಶ್‌ಬೋರ್ಡ್ ಕಟ್ಟೋ ಜನ. ಕಂಪನಿಯ ಸಿಎಸ್‌ಆರ್ ಹೆಸರಲ್ಲೋ ಸ್ವಂತ ಒಳ್ಳೆತನದಲ್ಲೋ ಇಂಥ ಕೇಂದ್ರಗಳಿಗೆ ಶನಿವಾರ ಹೋಗಿ ಗೋಡೆಗೆ ಬಣ್ಣ ಬಳಿದು, ಫೋಟೊ ತೆಗೆಸಿಕೊಂಡು ಬರೋರು. ಹೋಗಬೇಡಿ ಅನ್ನಲ್ಲ. ಗೋಡೆಗೆ ಬಣ್ಣ ಬೇಕು. ಆದರೆ ಸೋಮವಾರ ಅದೇ ಗೋಡೆಯ ಒಳಗೆ ದೀಪ ಹಾಕೋ ಮನುಷ್ಯನ ಸಂಬಳ ಯಾವ ತಿಂಗಳವರೆಗೆ ಇದೆ ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ, ಬಣ್ಣದ ದುಡ್ಡನ್ನು ಅಲ್ಲಿಗೆ ಹಾಕಿ.