ಅತಿಥಿ ಕಂಡ ಪರದೇಶ

ಕನ್ನಡದ ಪ್ರವಾಸ ಸಾಹಿತ್ಯವು ಬಡವಾದುದೆಂದು ಯಾರೂ ಹೇಳಲಾರರು. ವಿನಾಯಕ ಕೃಷ್ಣ ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪುರಸ್ಕಾರ ಪಡೆದ ‘ಅಮೆರಿಕದಲ್ಲಿ ಗೊರೂರು’ ಇವು ವಾಚಕರ ಕಣ್ಣು ತೆರೆಸಿದ ಗ್ರಂಥಗಳು. ಆದರೂ ಇವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಕೊರತೆ ಮನಸ್ಸಿಗೆ ತಟ್ಟದೆ ಇರದು. ಇವುಗಳಲ್ಲಿಯ ಪರದೇಶವು ಬಹುಮಟ್ಟಿಗೆ ಅತಿಥಿ ಕಂಡ ಪರದೇಶ.

ಅತಿಥಿಗೆ ತಾನು ಮರಳುವ ದಿನ ಗೊತ್ತಿರುತ್ತದೆ. ಅಲ್ಲಿಯೇ ನೆಲೆಸಿ ದುಡಿಯುವವನ ಪಾಡು ಬೇರೆ. ಬಾಡಿಗೆಯ ಮನೆ ಕೇಳಹೋದಾಗ ಬಾಗಿಲಲ್ಲಿ ನಿಂತವರ ನೋಟ, ಕಚೇರಿಯ ಸರತಿಯ ಸಾಲು, ಮುದ್ದತ್ತು ತೀರುತ್ತ ಬಂದ ಕಾಗದ ಇವೇ ಅವನ ನಿತ್ಯದ ಅನುಭವ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಕಾಲಕ್ಕೆ ಭಾರತೀಯನೂ ಬ್ರಿಟಿಷ್ ಪ್ರಜೆಯೇ ಎಂದು ಕಾನೂನು ಎಣಿಸುತ್ತಿತ್ತು. ಜನರ ಮನಸ್ಸು ಹೇಗಿದ್ದರೂ ಕಾಗದ ಅವರ ಪಕ್ಷದಲ್ಲಿತ್ತು.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಗೋಕಾಕ ತಾಲೂಕಿನ ಘಟಪ್ರಭೆಯನ್ನು ಕರ್ಮಭೂಮಿಯಾಗಿ ಮಾಡಿಕೊಂಡ ಡಾ. ನಾ. ಸು. ಹರ್ಡೀಕರರನ್ನೇ ನೆನೆಯೋಣ. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟುವ ಮೊದಲು ಅವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಲಾಲಾ ಲಜಪತರಾಯರೊಡನೆ ಹೋಮ್ ರೂಲ್ ಕಾರ್ಯದಲ್ಲಿ ದುಡಿದರು. ಆಗ ಲಾಲಾಜಿಯವರಿಗೆ ಸ್ವದೇಶಕ್ಕೆ ಮರಳಲು ಬ್ರಿಟಿಷ್ ಸರಕಾರ ರಹದಾರಿ ಕೊಡಲಿಲ್ಲ. 1920ರಲ್ಲಿ ಮಾತ್ರ ಅವರು ಮರಳಿದರು. ಇತ್ತ ಅಮೆರಿಕವು 1917ರ ಕಾನೂನಿನಿಂದ ಭಾರತದ ಕೂಲಿಗಾರರಿಗೆ ಬಾಗಿಲು ಮುಚ್ಚಿತು; ವಿದ್ಯಾರ್ಥಿಗಳೇ ಮೊದಲಾದ ಕೆಲವರಿಗೆ ವಿನಾಯಿತಿ ಉಳಿಯಿತು. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಭಗತ್ ಸಿಂಗ್ ಥಿಂಡ್ ಎಂಬ ಮಾಜಿ ಸೈನಿಕನು ‘ಬಿಳಿಯ’ನಲ್ಲವಾದುದರಿಂದ ಪೌರತ್ವಕ್ಕೆ ಅರ್ಹನಲ್ಲವೆಂದು ತೀರ್ಪಿತ್ತಿತು. 1946ರಲ್ಲಿ ಬಾಗಿಲು ತೆರೆದರೂ ವರ್ಷಕ್ಕೆ ನೂರು ಜನಕ್ಕಷ್ಟೇ ಅವಕಾಶ. ಜನರ ಪೂರ್ವಗ್ರಹವೇ ಕಚೇರಿಯ ನಿಯಮವಾಗಿ ಕೂತ ಬಗೆ ಇದು. ಒಂದು ದೊಡ್ಡ ಕಾದಂಬರಿಗೆ ಇದಕ್ಕಿಂತ ಹೆಚ್ಚಿನ ವಸ್ತು ಬೇಕೆ?

ಇದು ಮುಗಿದ ಕಥೆಯೂ ಅಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿಯಂಥ ಊರುಗಳ ಮಕ್ಕಳಿಗೂ ಇಂದು ಪರದೇಶ ದೂರವಾಗಿ ಉಳಿದಿಲ್ಲ. ಅಮೆರಿಕದಲ್ಲಿ ಉದ್ಯೋಗದ ಮೇಲೆ ಕೊಡುವ ಕಾಯಂ ವಾಸದ ಪರವಾನಿಗೆಗೆ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇದೆ. ಆದ್ದರಿಂದ ಭಾರತೀಯರ ಸರತಿ ದಶಕಗಳಷ್ಟು ಬೆಳೆದಿದೆ. ತಂದೆಯ ಸರತಿ ಬರುವ ಮೊದಲೇ 21 ತುಂಬಿದ ಮಗನು ಆ ಸಾಲಿನಿಂದ ಹೊರಬೀಳುವ ಭಯವಿದೆ. ಊರಲ್ಲಿಯ ಅವ್ವ ‘ಯಾವಾಗ ಬರ್ತೀ ಮಗನ?’ ಎಂದು ಕೇಳಿದರೆ, ಹೋದರೆ ಮರಳಿ ಒಳಗೆ ಬಿಟ್ಟಾರೋ ಇಲ್ಲವೋ ಎಂಬುದನ್ನು ಆತ ಹೇಗೆ ವಿವರಿಸಬೇಕು?

ಇಂಥ ಬಾಳನ್ನು ಬರೆಯಲು ದೃಶ್ಯವರ್ಣನೆಯ ಶೈಲಿ ಸಾಲದು. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ದುಡಿಯುವವರ ಕಡೆ ನಿಂತು ಕಾದಂಬರಿ ಬರೆದರು. ಆ ನಿಷ್ಠುರ ದೃಷ್ಟಿ ಸಮುದ್ರದಾಚೆಗೂ ಹೋಗಬೇಕು.

ಆ ದೃಷ್ಟಿ ನಮ್ಮ ಮನೆಯಂಗಳವನ್ನೂ ಬಿಡಬಾರದು. 1960ರ ದಶಕದಿಂದ ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಟಿಬೇಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರಲ್ಲಿ ಅನೇಕರು ಈ ಮಣ್ಣಿನಲ್ಲಿಯೇ ಹುಟ್ಟಿದವರಾದರೂ ಪರದೇಶೀಯರೆಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತ ಬಾಳಬೇಕಾಗಿದೆ. ನಮ್ಮವರ ಅಳಲನ್ನು ಬರೆಯಹೊರಟ ಲೇಖಕನು ಇವರ ಸಾಲಿನಲ್ಲಿಯೂ ಒಂದು ದಿನ ನಿಂತು ನೋಡಬೇಕು. ಆಗ ಅವನ ಬರೆಹ ಬರಿಯ ದೂರಾಗಿ ಉಳಿಯದೆ ಸಾಹಿತ್ಯವಾದೀತು.